ಸಾರಿನ ಪುಡಿಯ ಮುಂದೆ ಟ್ಯಾಕೊ ಮಸಾಲೆ

ಆಫೀಸಿನಲ್ಲಿ ಎಲ್ಲರೂ ಮನೆಯಿಂದ ಅಡುಗೆ ತಂದು ಹಂಚಿಕೊಳ್ಳುವ ದಿನ ಪಲ್ಯ ತುಂಬಿ ಮಡಚುವ ಮೆಕ್ಸಿಕೋದ ರೊಟ್ಟಿ, ಟ್ಯಾಕೊ ಮಾಡೋಣ ಅಂತಾಯಿತು. ಮಸಾಲೆ ಮನೆಯಲ್ಲೇ ಮಾಡ್ತೀನಿ ಅಂತ ಜಂಬ ಕೊಚ್ಚಿಕೊಂಡವನು ನಾನು. ಒಣಮೆಣಸಿನಕಾಯಿ, ಜೀರಿಗೆ ಹುರಿದೆ. ಒರೆಗಾನೊ ಅನ್ನೋ ಒಣಸೊಪ್ಪಿಗೆ ಕೊರತೆಯಿರಲಿಲ್ಲ, ಪಿಜ್ಜಾ ಜೊತೆ ಬಂದ ಪೊಟ್ಟಣಗಳನ್ನೆಲ್ಲ ಕೂಡಿಟ್ಟಿದ್ದೆ. ಅಷ್ಟರಲ್ಲಿ ಮಿಕ್ಸಿ ಕೈಕೊಟ್ಟಿತು. ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡು ಕಾಡುಗೋಡಿಯ ಖಾರದ ಪುಡಿ ಮಿಲ್ಲಿಗೆ ಹೋದೆ.

"ಇಷ್ಟೇ ಇಷ್ಟು ಹಾಕಿದ್ರೆ ಮೆಷಿನ್ ಒಳಗೇ ಉಳ್ಕೊಳ್ಳುತ್ತೆ ಸಾರ್. ನಿಮ್ಮ ಹಿಂದೆ ನಿಂತವರದ್ದು ಬಂದು ತಳ್ಳಿದ್ರೇನೇ ನಿಮ್ದು ಆಚೆ ಬರೋದು," ಅಂದ ಮಿಲ್ಲಿನವನು.

ನನ್ನ ಹಿಂದೆ ಒಬ್ಬ ಅಕ್ಕ ಆರು ತಿಂಗಳಿಗಾಗುವಷ್ಟು ಸಾರಿನ ಪುಡಿ ಮಾಡಿಸಲು ನಿಂತಿದ್ದರು. ನನ್ನ ಡಬ್ಬಿ ಮೂಸಿ ನೋಡಿ ಮುಖ ಕಿವಿಚಿದರು.

"ಮೀನು ಗೀನು ಹಾಕಿಲ್ಲ ತಾನೆ?"

"ಇಲ್ಲಕ್ಕ, ಒಣಗಿದ ಸೊಪ್ಪು ಅಷ್ಟೇ."

"ಸರಿ, ಹಾಕ್ಲಿ ಬಿಡಿ."

ಬಣ್ಣ ಬದಲಾದಾಗ ಡಬ್ಬಿ ಬದಲಿಸ್ತೀನಿ ಅಂದಿದ್ದ ಮಿಲ್ಲಿನವನು. ಎರಡೂ ಕೆಂಪಗೇ ಇದ್ದವು.

ಮಾರನೇ ದಿನ ಆಫೀಸಿನಲ್ಲಿ ದಾವಣಗೆರೆಯ ಸಹೋದ್ಯೋಗಿ ಎರಡು ಟ್ಯಾಕೊ ತಿಂದು, "ಸಕ್ಕತ್ತಾಗಿದೆ ಗುರು, ಒಂಚೂರು ಅನ್ನ ಇರಬೇಕಿತ್ತು," ಅಂದ.

ಮುಂದಿನ ವಾರ ತರಕಾರಿ ಅಂಗಡಿಯಲ್ಲಿ ಆ ಅಕ್ಕ ಸಿಕ್ಕರು. "ನಿಮ್ಮ ಸೊಪ್ಪಿನ ದೆಸೆಯಿಂದ ನಮ್ಮತ್ತೆ ಸಾರು ಮುಟ್ಟಲೇ ಇಲ್ಲ," ಅಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಮಕ್ಕಳು ಮಾತ್ರ ಪಾತ್ರೆ ಬಳಿದು ತಿಂದ್ವು. ಮತ್ತೆ ಮಿಲ್ಲಿಗೆ ಯಾವಾಗ ಬರ್ತೀರ ಹೇಳಿ, ನಿಮ್ಮ ಹಿಂದೇನೇ ನಿಂತ್ಕೋತೀನಿ."

ಮಿಕ್ಸಿ ರಿಪೇರಿಯಾಗಿ ಬಂದಿದೆ. ಅವರಿಗಿನ್ನೂ ಹೇಳಿಲ್ಲ.