ಆನೆಗಳು ರಸ್ತೆ ದಾಟಿದ ಹೊತ್ತು

ಆಫ್ರಿಕದಲ್ಲಿ ಆನೆ ನೋಡಿದಿರಾ ಎಂದು ನಮ್ಮೂರು ನೋವೈಯಲ್ಲಿ ಯಾರಾದರೂ ಕೇಳಿದರೆ ನೋಡಿದೆ ಎನ್ನುತ್ತೇನೆ. ಅದು ಸುಳ್ಳು. ಬೇರೆಯವರ ವಿಡಿಯೋ ನೋಡಿ ನೋಡಿ ಮರಿಯಾನೆಯ ನಡಿಗೆಯವರೆಗೂ ವರ್ಣಿಸಲು ಕಲಿತಿದ್ದೇನೆ.

ಟಾಂಜಾನಿಯಾಕ್ಕೆ ಹೋಗೋಣ ಎಂದವಳು ಮಗಳು. ಮನೆಯಲ್ಲಿರುವುದು ನಾವಿಬ್ಬರೇ. ಹೈಸ್ಕೂಲು ಮುಗಿಸಿ ಆಗಸ್ಟ್‌ನಲ್ಲಿ ಓದಲು ಶಿಕಾಗೋಗೆ ಹೊರಡುವವಳಿದ್ದಳು. ಪಾರ್ಟಿ ಬೇಡ, ಹೊಸ ಫೋನ್ ಬೇಡ, ಹೋಗುವ ಮುಂಚೆ ಇಬ್ಬರೂ ಪಕ್ಕಪಕ್ಕ ಕೂತು ಕಾಡಿನ ಆನೆ ನೋಡಬೇಕು, ಅಷ್ಟೇ ಸಾಕು ಅಂದಳು. ಆನೆ ಅವಳಿಗೆ ಚಿಕ್ಕಂದಿನಿಂದಲೂ ಹುಚ್ಚು. ನಾನೋ ಪಕ್ಕದೂರು ಲಿವೋನಿಯಾದ ಕಂಪನಿಯೊಂದರಲ್ಲಿ ಕಾರಿನ ಬ್ರೇಕಿನ ಬಿಡಿಭಾಗಗಳ ಗುಣಮಟ್ಟ ನೋಡುವವಳು. ಆ ವರ್ಷ ಹೊಸ ಮಾಡೆಲ್ಲಿನ ಗಡಿಬಿಡಿಯಲ್ಲಿ ಶನಿವಾರ, ಭಾನುವಾರ ಎಂಬುದನ್ನೇ ಮರೆತಿದ್ದೆ. ಅವಳ ಜೊತೆ ಮಾತಾಡುತ್ತಿದ್ದದ್ದು ಕಾರಿನಲ್ಲಿ, ಅದೂ ನನ್ನ ಮೀಟಿಂಗ್ ಮ್ಯೂಟ್‌ನಲ್ಲಿದ್ದಾಗ. ಹೂಂ ಅಂದೆ.

ನಮ್ಮ ಬಡಾವಣೆಯ ಇನ್ನೆರಡು ಕುಟುಂಬಗಳು ಜೊತೆಯಾದವು. ನಮ್ಮವರು ಪ್ರವಾಸ ಹೊರಟರೆ ಅಡುಗೆಮನೆಯೂ ಹೊರಡಬೇಕಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ತೆಳು ಅವಲಕ್ಕಿ, ಒಂದು ಎಲೆಕ್ಟ್ರಿಕ್ ಕೆಟಲ್ ಎಲ್ಲ ಬಂದವು. ವೆಜಿಟೇರಿಯನ್ ಡಬ್ಬಿ ಕಟ್ಟಿಕೊಡುತ್ತೇವೆ ಎಂದು ಲಾಡ್ಜಿನವರು ಎರಡೆರಡು ಸಲ ಹೇಳಿದರು.

“ಬ್ಯಾಡ್ರಿ, ಎಲ್ಲಾದಕ್ಕೂ ಒಂದ ಚಾಕು ಇರ್ತದ ಅವ್ರ ಕಡೆ” ಅಂದರು ಜೊತೆಗಿದ್ದ ಹಿರಿಯ ಗೆಳತಿ.

ನಾನೂ ತಲೆಯಾಡಿಸಿದೆ. ಹಾಗಾಗಿ ಮೂರು ದಿನವೂ ಬೆಳಗಿನ ನಾಲ್ಕಕ್ಕೆ ಎದ್ದು ಹತ್ತು ಜನಕ್ಕೆ ಅವಲಕ್ಕಿ ಹಚ್ಚಿದೆ, ರೊಟ್ಟಿ ಮುರಿಯದಂತೆ ಡಬ್ಬಿಗೆ ತುಂಬಿದೆ. ನೀನೇ ಮಾಡು ಎಂದು ಯಾರೂ ಹೇಳಿರಲಿಲ್ಲ. ಬೇರೆಯವರಿಗೆ ಬಿಟ್ಟುಕೊಡಲು ನನಗೇ ಮನಸ್ಸು ಬರಲಿಲ್ಲ.

ಮೊದಲೆರಡು ದಿನ ಆ ಹುಲ್ಲುಬಯಲಿನಲ್ಲಿ ಜಿರಾಫೆಗಳು ಮುಳ್ಳುಮರದ ಎಲೆಯನ್ನು ನಾಲಗೆ ಚಾಚಿ ಕೀಳುವುದನ್ನು ನೋಡಿದೆವು. ಕೆಸರುಹೊಂಡದಲ್ಲಿ ಹಿಪ್ಪೋಗಳು ಒಂದರ ಮೈಗೊಂದು ಒರಗಿಕೊಂಡಿದ್ದವು. ಗಂಡು ಸಿಂಹವೊಂದು ಸೀದಾ ನಮ್ಮ ಜೀಪಿನ ನೆರಳಿಗೇ ಬಂದು ಮಲಗಿತು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರೆ, ನನಗೆ ಅದರ ನಿದ್ದೆ ಕಂಡು ಹೊಟ್ಟೆ ಉರಿಯಿತು. ಆನೆ ಮಾತ್ರ ಸಿಗಲಿಲ್ಲ.

ಮೂರನೆಯದು ಕೊನೆಯ ದಿನ. ಮಧ್ಯಾಹ್ನ ಎಲ್ಲರಿಗೂ ಊಟ ಹಂಚಿ, ಡಬ್ಬಿ ಮುಚ್ಚಿ, ಮಗಳ ಪಕ್ಕ ಕೂತೆ. ಮತ್ತೆ ಕಣ್ಣು ಬಿಟ್ಟಾಗ ಹಿಂದಿನ ಸೀಟಿನವರು ಒಬ್ಬರಿಗೊಬ್ಬರು ಫೋನ್ ತೋರಿಸಿಕೊಳ್ಳುತ್ತಿದ್ದರು. ಇಪ್ಪತ್ತೆರಡು ಆನೆಗಳು ಜೀಪಿನ ಮುಂದೆಯೇ ರಸ್ತೆ ದಾಟಿ ಹೋದವಂತೆ. ಹುಲ್ಲಿನಾಚೆ ಒಂದಿಷ್ಟು ಧೂಳು ಕಂಡಿತು. ಮಗಳಿಗೆ ಸಾರಿ ಅಂದೆ. “ಇಟ್ಸ್ ಓಕೆ, ಅಮ್ಮ” ಅಂದಳು. ಆ ಓಕೆ ಬೇಸಿಗೆಯಿಡೀ ನನ್ನನ್ನು ಕೊರೆಯಿತು.

ಆಗಸ್ಟ್‌ನಲ್ಲಿ ಅವಳನ್ನು ಬಿಡಲು ಶಿಕಾಗೋಗೆ ಹೊರಟೆವು. ಹಿಂದಿನ ವಾರವೆಲ್ಲ ಪ್ಲಾಂಟಿನಲ್ಲೇ ಕಳೆದಿದ್ದ ನನ್ನಲ್ಲಿ ತಾಳ್ಮೆ ಉಳಿದಿರಲಿಲ್ಲ. ಕಾರು ಓಡಿಸುತ್ತಾ, ಅರ್ಧ ದಾರಿಯ ಕಲಮಜೂ ಊರಿನ ಹತ್ತಿರ ಸಿಡುಕಿದೆ.

“ಎಲ್ಲಾರೂ ಆನಿ ಫೋಟೋ ಹಾಕ್ಯಾರ. ನೀ ಒಂದೂ ತಗದಿಲ್ಲ. ನನ್ನ ಮ್ಯಾಲೆ ಅಷ್ಟು ಸಿಟ್ಟೇನ?”

ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು. “ಯುವರ್ ಹೆಡ್ ವಾಸ್ ಆನ್ ಮೈ ಆರ್ಮ್.”

ಕೈ ಅಲುಗಿಸಿದರೆ ನನಗೆ ಎಚ್ಚರವಾದೀತೆಂದು ಅವಳು ಫೋನೇ ಎತ್ತಿರಲಿಲ್ಲ.

“ಎಬ್ಬಿಸಬೇಕಿತ್ತಲ್ಲ” ಅಂದೆ.

“ಐ ವಾಸ್ ಗೋಯಿಂಗ್ ಟು.” ಕಿಟಕಿಯಿಂದ ನನ್ನ ಕಡೆ ತಿರುಗಿದಳು. “ದೆನ್ ಐ ಥಾಟ್, ಐ ಹ್ಯಾವ್ ನೆವರ್ ಸೀನ್ ಯು ಸ್ಲೀಪ್.”

ಹದಿನೆಂಟು ವರ್ಷ ನನ್ನ ಜೊತೆ ಒಂದೇ ಮನೆಯಲ್ಲಿದ್ದವಳ ಮಾತು ಇದು. ನಾಚಿಕೆಯಾಯಿತು. ಅಳು ಬಂತು, ರಸ್ತೆ ಕಾಣದಾಯಿತು. ಮುಂದಿನ ಎಕ್ಸಿಟ್ ತೆಗೆದುಕೊಂಡು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿದೆ. ಉಳಿದ ದಾರಿ ತಾನು ಡ್ರೈವ್ ಮಾಡುತ್ತೇನೆ, ನೀನು ಮಲಗು ಎಂದು ಅವಳು ಈಚೆ ಬಂದಳು.

ಶಿಕಾಗೋ ಇನ್ನೂ ನೂರಮೂವತ್ತು ಮೈಲಿ ಇತ್ತು. ಸೀಟು ಹಿಂದಕ್ಕೆ ಬಾಗಿಸಿ, ಅವಳ ಕಡೆ ತಿರುಗಿ ಒರಗಿದೆ. ಒಂದು ನಿಮಿಷವೂ ಕಣ್ಣು ಮುಚ್ಚಲಿಲ್ಲ.