ವಿಭೂತಿ ಡಬ್ಬಿಯ ಹಿಂದೆ

ನಮ್ಮ ದೇವರ ಮನೆಯ ಗೂಡಿನಲ್ಲಿ, ವಿಭೂತಿ ಡಬ್ಬಿಯ ಹಿಂದೆ, ನಾನು ಎಂಟು ವರ್ಷ ಗರ್ಭನಿರೋಧಕ ಮಾತ್ರೆಗಳನ್ನು ಬಚ್ಚಿಟ್ಟಿದ್ದೆನೆಂದರೆ ನೀವು ನಗಬಹುದು. ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದೇನೂ ಇಲ್ಲ. ಎರಡು ಹೆತ್ತು ಸಾಕೆಂದುಕೊಂಡ ಸೊಸೆಗೆ, ಮನೆ ತುಂಬ ಮೊಮ್ಮಕ್ಕಳನ್ನು ಬಯಸುತ್ತಿದ್ದ ಅತ್ತೆಯ ಕಣ್ಣು ತಪ್ಪಿಸಲು ಅದಕ್ಕಿಂತ ಭದ್ರವಾದ ಜಾಗವಿರಲಿಲ್ಲ. ಅವರ ಕೈ ಅಷ್ಟೆತ್ತರಕ್ಕೆ ಎಟುಕುತ್ತಿರಲಿಲ್ಲ. ದಿನವೂ ಮಿಂದು, ವಿಭೂತಿ ಧರಿಸಿ, ಶಿವನಿಗೆ ಕೈಮುಗಿದು, ಅವನೆದುರೇ ಮಾತ್ರೆ ನುಂಗುತ್ತಿದ್ದೆ. ಅವನೇನೂ ಮುನಿದ ಹಾಗೆ ಕಾಣಲಿಲ್ಲ.

ಮುನಿಯುತ್ತಾನೆಂದು ಹೇಳುವವರು ಮಾತ್ರ ಎಲ್ಲ ಕಡೆಯೂ ಇದ್ದಾರೆ. ಬೇರೆಲ್ಲದಕ್ಕೂ ಜಗಳವಾಡುವ ಧರ್ಮಗಳ ಹಿರಿಯರಲ್ಲಿ ಎಷ್ಟೋ ಮಂದಿ, ಹುಟ್ಟು ದೈವೇಚ್ಛೆ ಎಂಬ ಒಂದು ಮಾತಿನಲ್ಲಿ ಒಂದಾಗುತ್ತಾರೆ. ಹೆರುವ ಕಷ್ಟ ಅವರದಲ್ಲವಲ್ಲ. ನಮ್ಮ ವಸ್ತಾರೆ ಕಡೆಯ ಜಗಲಿಗಳಲ್ಲಿ ಕಾಫಿ ಕುಡಿಯುತ್ತ ಕೂತವರು ದೇಶದಲ್ಲಿ ಜನ ಹೆಚ್ಚಾದರೆಂದು, ಅದರಲ್ಲೂ ‘ಅವರು’ ಹೆಚ್ಚಾದರೆಂದು ಕೊರಗಿ, ಲೋಟ ಬರಿದಾಗುವ ಮೊದಲೇ ತೋಟದ ಕಾಫಿ ಹಣ್ಣು ಕೊಯ್ಯಲು ಜನ ಸಿಗುವುದಿಲ್ಲವೆಂದು ಗೊಣಗುತ್ತಾರೆ. ನಾನೂ ಆ ಜಗಲಿಯವಳೇ.

ಗಿರಿಜ ನಮ್ಮ ಎಸ್ಟೇಟಿನ ಲೈನಿನವಳು, ಎಂದರೆ ಕೂಲಿಯವರ ಸಾಲುಮನೆಯವಳು, ಮೂರು ಹೆಣ್ಣುಮಕ್ಕಳ ತಾಯಿ. ಬೆಳಿಗ್ಗೆ ನಮ್ಮ ಮನೆ ಗುಡಿಸಿ, ಆಮೇಲೆ ಕೊಯ್ಲಿಗೆ ಹೋಗುತ್ತಿದ್ದಳು. ಐದು ವರ್ಷದ ಹಿಂದೆ, ಕೊಯ್ಲಿನ ನಡುವೆ, ಆಪರೇಷನ್ ಮಾಡಿಸಿಕೊಳ್ಳಲು ಹೊರಟಳು. ಗಂಡ ಒಪ್ಪಿದ್ದ; ಅವನ ತಾಯಿ ಪುಟ್ಟಮ್ಮ ಒಪ್ಪಲಿಲ್ಲ. ಸೋಮವಾರದ ಭಜನೆಯಲ್ಲಿ ಪುರಾಣ ಓದುವವಳು ನಾನಾದ್ದರಿಂದ, ಲೈನಿನಲ್ಲಿ ಪಾಪಪುಣ್ಯದ ತಕರಾರೆದ್ದರೆ ತೀರ್ಮಾನಕ್ಕೆ ನನ್ನ ಬಳಿ ಬರುವುದು ವಾಡಿಕೆ. ಗಿರಿಜ ಅತ್ತೆಯನ್ನು ಕರೆದುಕೊಂಡು ಬಂದಳು.

“ಹುಟ್ಟಿಸಿದ ದೇವ್ರು ಹುಲ್ಲು ಮೇಯಿಸ್ತಾನಾ ಅಮ್ಮಾವ್ರೇ? ಕೊಡೋನ ಕೈ ಹಿಡಿಯೋದು ಪಾಪ ಅಲ್ವಾ? ನೀವು ಹೇಳಿದ್ರೆ ನಾನು ಎರಡು ಮಾತಾಡಲ್ಲ,” ಎಂದರು ಪುಟ್ಟಮ್ಮ.

ಗಿರಿಜ ನನ್ನ ಮುಖವನ್ನೇ ನೋಡುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ನನ್ನ ಅತ್ತೆ ಕೂತಿದ್ದರು. ಗಿಡದಲ್ಲಿ ಹಣ್ಣು ಉದುರುತ್ತಿರುವಾಗ ಒಬ್ಬಳು ಮಲಗಿಬಿಟ್ಟರೆ ಹೇಗೆ ಎಂಬ ಯೋಚನೆಯೂ ಇತ್ತು, ಸುಳ್ಳೇಕೆ ಹೇಳಲಿ. ಆ ಬೆಳಿಗ್ಗೆಯೂ ಮಾತ್ರೆ ನುಂಗಿದ್ದ ಬಾಯಲ್ಲೇ, “ಶಿವ ಕೊಟ್ಟಿದ್ದನ್ನ ಬೇಡ ಅನ್ನಬಾರ್ದು ಗಿರಿಜ,” ಎಂದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ನಾಲ್ಕನೆಯದೂ ಹೆಣ್ಣಾಯಿತು. ವಿಪರೀತ ರಕ್ತ ಹೋಗಿ ಗಿರಿಜ ಉಳಿದದ್ದೇ ಹೆಚ್ಚು. ಅವಳು ತಿಂಗಳುಗಟ್ಟಲೆ ಏಳಲಾಗದೆ, ಎಂಟನೇ ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಿದ್ದ ದೊಡ್ಡ ಮಗಳು ಸೌಮ್ಯ ಕೂಸನ್ನು ಎತ್ತಿಕೊಂಡು ಮನೆಯಲ್ಲಿ ಕೂತಳು. ಮತ್ತೆ ಶಾಲೆಯ ಕಡೆ ಹೋಗಲಿಲ್ಲ. ಈಗ ತಾಯಿಯ ಪಕ್ಕದ ಸಾಲಿನಲ್ಲಿ ಅವಳೂ ಹಣ್ಣು ಕೊಯ್ಯುತ್ತಾಳೆ, ನನ್ನನ್ನು ಕಂಡರೆ ಕೊಯ್ಲು ನಿಲ್ಲಿಸಿ ನಮಸ್ಕರಿಸುತ್ತಾಳೆ. ನಾಚಿಕೆಯಿಂದ ನಾನು ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ತೋಟ ಸುತ್ತುತ್ತೇನೆ.

ಹೋದ ವರ್ಷ ಅತ್ತೆ ತೀರಿಕೊಂಡರು. ಮೊನ್ನೆ ಧೈರ್ಯ ಮಾಡಿ ಗಿರಿಜಳಿಗೆ ನಿಜ ಹೇಳಿದೆ. ಅತ್ತೆ ಸಾಯುವವರೆಗೆ ಕಾದದ್ದನ್ನು ಧೈರ್ಯ ಎನ್ನಬಹುದಾದರೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ನಿಂತಳು.

“ಗೊತ್ತಿತ್ತು ಅಮ್ಮಾವ್ರೇ. ನಿಮ್ಮನೆ ಕಸ ತೆಗಿಯೋಳು ನಾನಲ್ವಾ, ಖಾಲಿ ಮಾತ್ರೆ ಶೀಟು ನೋಡಿದ್ದೆ,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. “ಅದಕ್ಕೇ ಅವತ್ತು ಅತ್ತೆನ ನಿಮ್ಮತ್ರನೇ ಕರ್ಕಂಡ್ ಬಂದಿದ್ದು.”