ಕಾನ್ಪುರದ ಒಂಬತ್ತನೆಯ ವಿಕೆಟ್ಟು ಮತ್ತು ಪುತ್ತಿಗೆಯ ಪಾಯಸ

ಬೆಳ್ತಂಗಡಿಯಿಂದ ವೇಣೂರಿನ ಮೇಲೆ ಮೂಡುಬಿದಿರೆಗೆ ಸುಮಾರು ಇಪ್ಪತ್ತು ಮೈಲು. ನಾವು ಬಂಟ್ವಾಳದ ಮೇಲೆ ಸುತ್ತಿ ಅದರ ಎರಡರಷ್ಟು ಹೋದೆವು. ಬಂಟ್ವಾಳ ಪೇಟೆಯ ಒಂದು ಹೋಟೆಲಿನಲ್ಲಿ ರೇಡಿಯೊ ಇತ್ತು. ಅಂದು ಕಾನ್ಪುರದಲ್ಲಿ ಆಸ್ಟ್ರೇಲಿಯಾದವರ ಎದುರಿನ ಟೆಸ್ಟಿನ ಕೊನೆಯ ದಿನ. ಅವರನ್ನು ನಮ್ಮವರು ಅದುವರೆಗೆ ಒಮ್ಮೆಯೂ ಸೋಲಿಸಿರಲಿಲ್ಲ.

ಜೊತೆಗಿದ್ದವನು ನನ್ನ ಹೆಂಡತಿಯ ತಮ್ಮ ಸಂಜೀವ. ಬೊಂಬಾಯಿಯ ಮಿಲ್ಲಿನಲ್ಲಿ ಕೆಲಸ, ರಜೆ ಉಳಿದದ್ದು ನಾಲ್ಕೇ ದಿನ. ಮೂಡುಬಿದಿರೆಯ ಹತ್ತಿರದ ಪುತ್ತಿಗೆಯಲ್ಲಿ ಅವನಿಗೊಂದು ಹೆಣ್ಣು ನೋಡಲಿಕ್ಕಿತ್ತು. ಆದರೆ ಅದು ಧನುರ್ಮಾಸ, ಸಂಕ್ರಾಂತಿಯವರೆಗೆ ಶುಭಕಾರ್ಯದ ಮಾತೆತ್ತುವಂತಿಲ್ಲ. ಹಾಗಾಗಿ ಹಿರಿಯರು ಒಂದು ಉಪಾಯ ಮಾಡಿದ್ದರು: ನಾವು ಮೂಡುಬಿದಿರೆಯ ಬಸದಿ ನೋಡಲು ಹೋದವರು, ಬಾಯಾರಿಕೆಯಾಗಿ ಆ ಮನೆಯ ಜಗಲಿ ಹತ್ತಬೇಕು. ಊಟದ ಹೊತ್ತಿಗೆ ಸರಿಯಾಗಿ.

“ಬೊಂಬಾಯಿಯವರು ಮಾತಿಗೆ ನಿಲ್ಲುವುದಿಲ್ಲ ಅಂತ ಹುಡುಗಿಯ ಅಜ್ಜಿ ಮೊದಲೇ ಹೇಳಿದ್ದಾರೆ. ತಡವಾದರೆ ಆ ಸಂಬಂಧ ಮುಗಿದ ಹಾಗೆ,” ಎಂದು ಅತ್ತೆ ನನ್ನನ್ನು ಎಚ್ಚರಿಸಿದ್ದರು.

ಬೆಳಗಿನ ಮಂಜು ಪುಂಜಾಲಕಟ್ಟೆಯವರೆಗೂ ಬಿಡಲಿಲ್ಲ. ಚಾರ್ಜು ತಲೆಗೆ ಹನ್ನೆರಡಾಣೆ. ಸಂಜೀವ ಕುಳಿತಲ್ಲಿ ಕುಳಿತಿರಲಿಲ್ಲ. ಬಸ್ಸು ನಿಂತಲ್ಲೆಲ್ಲ ಇಳಿದು, ಹೊರಡುವಾಗ ಓಡಿ ಹತ್ತುತ್ತಿದ್ದ.

ಹೋಟೆಲಿನಲ್ಲಿ ಬನ್ಸ್ ತಿಂದು ಚಹಾ ಕುಡಿಯುವಷ್ಟರಲ್ಲಿ ಆಟ ಶುರುವಾಯಿತು. ಕಾಮೆಂಟರಿ ಇಂಗ್ಲಿಷಿನಲ್ಲಿ. ಸಂಜೀವ ಒಂದೊಂದನ್ನೂ ತುಳುವಿನಲ್ಲಿ ಹೇಳತೊಡಗಿದ. ಆಸ್ಟ್ರೇಲಿಯಾದವರ ವಿಕೆಟ್ಟುಗಳು ಉದುರುತ್ತಿದ್ದಂತೆ ಮೀನು ಮಾರಲು ಹೊರಟಿದ್ದವರೂ ಬುಟ್ಟಿ ಇಳಿಸಿ ನಿಂತರು. ಮೂಡುಬಿದಿರೆಯ ಬಸ್ಸು ಹಾರ್ನ್ ಹಾಕಿತು.

“ಏಳು ಮಾರಾಯ, ಹೋಗುವ,” ಎಂದೆ.

“ಇನ್ನೊಂದೇ ಓವರ್, ಭಾವ.”

“ನೀವು ಹೋದರೆ ನಮಗೆ ಹೇಳುವವರು ಯಾರು?” ಎಂದು ಹೋಟೆಲಿನ ಯಜಮಾನರೂ ಅವನ ಭುಜ ಒತ್ತಿ ಕೂರಿಸಿದರು. ಬಸ್ಸು ಹೋಯಿತು.

ಒಂಬತ್ತನೆಯ ವಿಕೆಟ್ಟು ಬಿತ್ತು; ಇನ್ನೊಂದು ಬಿದ್ದರೆ ನಾವು ಗೆದ್ದಂತೆ. ಹೋಟೆಲಿಡೀ ಬೊಬ್ಬೆ. ಅದೇ ಕ್ಷಣಕ್ಕೆ ರೇಡಿಯೊದ ಬ್ಯಾಟರಿ ಇಳಿದು ಸ್ವರ ಸಣ್ಣಗಾಗಿ ನಿಂತಿತು. ತಟ್ಟಿದರು, ಬೈದರು, ವಯರು ಎಳೆದು ಸಿಕ್ಕಿಸಿದರು. ಇಲ್ಲ.

ಮುಂದಿನ ಬಸ್ಸು ಒಂದು ಗಂಟೆಗೆ. ಬಿಸಿಲು ಚುರುಗುಟ್ಟುತ್ತಿತ್ತು. ಸಿದ್ಧಕಟ್ಟೆಯಲ್ಲಿ ಹತ್ತಿದವರನ್ನೆಲ್ಲ ಸಂಜೀವ “ಕೊನೆಯವನು ಔಟಾದನಾ?” ಎಂದು ಕೇಳಿದ. “ಎಲ್ಲಿಂದ ಔಟು?” ಎಂದು ಒಬ್ಬ ಮುದುಕ ಬಾಗಿಲಿನಿಂದ ಹೊರಗೆ ಇಣುಕಿದ. ಮೂಡುಬಿದಿರೆಯಲ್ಲಿಳಿದು, ಬಸದಿಯ ಕಡೆ ತಿರುಗಿಯೂ ನೋಡದೆ, ಪುತ್ತಿಗೆಗೆ ನಡೆದೆವು. ಗಂಟೆ ಮೂರು.

ಅಜ್ಜಿ ಜಗಲಿಯಲ್ಲೇ ಕುಳಿತಿದ್ದರು.

“ಬಸದಿ ನೋಡ್ಲಿಕ್ಕೆ ಬಂದವರಾ? ಸಾವಿರ ಕಂಬವನ್ನೂ ಎಣಿಸಿದಿರೋ ಏನು, ಇಷ್ಟು ಹೊತ್ತಾಗ್ಲಿಕ್ಕೆ?”

ಹೌದೆನ್ನು ಎಂದು ನಾನು ಕಣ್ಣು ಮಾಡಿದೆ. ಸಂಜೀವ ತಲೆ ತಗ್ಗಿಸಿದ.

“ಇಲ್ಲ ಅಜ್ಜಿ. ಬಂಟ್ವಾಳದಲ್ಲಿ ರೇಡಿಯೊ ಕೇಳ್ತಾ ಕೂತೆ, ಬಸ್ಸು ತಪ್ಪಿತು. ಕೊನೆಯವನು ಏನಾದನೋ ಅದೂ ಗೊತ್ತಾಗ್ಲಿಲ್ಲ.”

ಬಾಗಿಲ ಹಿಂದಿನಿಂದ ಹುಡುಗಿಯ ಸ್ವರ ಬಂತು: “ಅವನು ಆಡ್ಲಿಕ್ಕೆ ಬರಲೇ ಇಲ್ಲ. ಹುಷಾರಿಲ್ಲವಂತೆ. ಒಂಬತ್ತಕ್ಕೇ ಮುಗಿಯಿತು. ನಾವು ಗೆದ್ದೆವು.”

ಆ ಮನೆಯಲ್ಲೂ ರೇಡಿಯೊ ಇತ್ತು! ಸಂಜೀವ ನಿಂತಲ್ಲೇ ಹಾರಿದ. ಅವನ ತಲೆ ಜಗಲಿಯ ತೊಲೆಗೆ ಬಡಿಯಿತು. ಒಳಗೆ ಯಾರೋ ಕಿಸಕ್ಕೆಂದರು.

“ಬರಬೇಕಾದವ ಬಾರದಿದ್ದರೆ ಸೋತ ಹಾಗೆಯೇ,” ಎಂದರು ಅಜ್ಜಿ, ನಗದೆ.

“ನಾನು ಬಂದೆನಲ್ಲ ಅಜ್ಜಿ,” ಎಂದ ಸಂಜೀವ, ನೆತ್ತಿ ಉಜ್ಜಿಕೊಳ್ಳುತ್ತ.

ಅಜ್ಜಿ ನೀರಿನ ಚೊಂಬನ್ನು ಅವನ ಕಡೆ ಸರಿಸಿದರು. “ಕೈಕಾಲು ತೊಳೆಯಿರಿ. ದಾರಿಯಲ್ಲಿ ಹೋಗುವವರಿಗೆಲ್ಲ ನಾವು ಪಾಯಸ ಮಾಡುವುದಿಲ್ಲ. ಇವತ್ತು ಹೇಗೋ ಉಂಟು.”

ಹಿಂದಿರುಗಿದ್ದು ವೇಣೂರಿನ ಬಸ್ಸಿನಲ್ಲಿ. ಹೊರಡುವಾಗ ಅವನು ಕಿಟಕಿಯಿಂದ ತಲೆ ಹೊರಹಾಕಿ ಪುತ್ತಿಗೆಯ ದಿಕ್ಕನ್ನೊಮ್ಮೆ ನೋಡಿದ. ಕಾನ್ಪುರದ ಮಾತು ಮತ್ತೆ ಎತ್ತಲಿಲ್ಲ.

“ಸಂಕ್ರಾಂತಿಗೆ ಇನ್ನೆಷ್ಟು ದಿನ ಉಂಟು, ಭಾವ?” ಎಂದಷ್ಟೇ ಕೇಳಿದ.